ಕೃತಿಚೌರ್ಯ ಶುರುವಾಗುವುದು ನೋಟ್ಸ್‌ನಲ್ಲಿ

‘ಸಿಮಿಲಾರಿಟಿ ಎಷ್ಟು ಬಂತು?’

ಥೀಸಿಸ್ ಒಪ್ಪಿಸುವ ದಿನ ಹತ್ತಿರ ಬಂದಾಗ ವಿದ್ಯಾರ್ಥಿಗಳ ನಡುವೆ ಓಡಾಡುವುದು ಇದೊಂದೇ ಪ್ರಶ್ನೆ. ಬರಹದ ಎಷ್ಟು ಪಾಲು ಬೇರೆಯವರ ಬರಹಗಳಿಗೆ ಹೊಂದುತ್ತದೆ ಎಂದು ತಂತ್ರಾಂಶ ಕೊಡುವ ಶೇಕಡಾವಾರು ಅಂಕಿ ಅದು. ಶೇ. 9 ಬಂದವರು ನೆಮ್ಮದಿಯಾಗಿ ಮಲಗುತ್ತಾರೆ. ಶೇ. 22 ಬಂದವರು ರಾತ್ರಿಯೆಲ್ಲ ಕೂತು ಒಂದೊಂದೇ ಪದ ಬದಲಿಸುತ್ತಾರೆ. ಇಬ್ಬರೂ ನೋಡುತ್ತಿರುವುದು ಅಂಕಿಯನ್ನು. ನೋಡಬೇಕಾದದ್ದು ಬರಹವನ್ನು.

ಟರ್ನಿಟಿನ್‌ನಂಥ ತಂತ್ರಾಂಶಕ್ಕೆ ಕೃತಿಚೌರ್ಯ ಅಂದರೇನು ಅಂತ ಗೊತ್ತಿಲ್ಲ. ನಿಮ್ಮ ಬರಹದ ಪದಸಾಲುಗಳನ್ನು ಅದು ವೆಬ್ ಪುಟ, ಜರ್ನಲ್ ಲೇಖನ, ಹಿಂದೆ ಬೇರೆ ವಿದ್ಯಾರ್ಥಿಗಳು ಒಪ್ಪಿಸಿದ ಅಸೈನ್‌ಮೆಂಟುಗಳ ಜೊತೆ ತಾಳೆ ನೋಡಿ, ಹೊಂದಿದ ಕಡೆ ಬಣ್ಣ ಬಳಿಯುತ್ತದೆ. ಅಷ್ಟೇ ಅದರ ಕೆಲಸ. ಶೇ. 25 ಬಂದ ವರದಿಯಲ್ಲಿ ಬಣ್ಣ ಹತ್ತಿದ್ದೆಲ್ಲ ರೆಫರೆನ್ಸ್ ಪಟ್ಟಿ, ಸರಿಯಾಗಿ ಮೂಲ ಹೇಳಿದ ಉದ್ಧರಣೆಗಳು, ಕಾನೂನಿನ ಕಲಂಗಳು ಆಗಿದ್ದರೆ ಅಲ್ಲಿ ತಪ್ಪೇನೂ ಇಲ್ಲ. ಅದೇ 60 ಪುಟದ ಪ್ರಬಂಧದಲ್ಲಿ ಶೇ. 3 ಅಂದರೆ ಹೆಚ್ಚೂಕಮ್ಮಿ ಎರಡು ಪುಟ. ಆ ಎರಡು ಪುಟ ಒಬ್ಬರದೇ ಲೇಖನದಿಂದ ಇಡಿಯಾಗಿ ಎತ್ತಿದ್ದಾದರೆ, 3 ಎಂಬ ಸಣ್ಣ ಸಂಖ್ಯೆ ಯಾರನ್ನೂ ಕಾಪಾಡುವುದಿಲ್ಲ. ವರದಿ ಕೈಗೆ ಬಂದಾಗ ಬಣ್ಣ ಹತ್ತಿದ ಒಂದೊಂದು ತುಣುಕಿಗೂ ಎರಡೇ ಪ್ರಶ್ನೆ ಕೇಳಿ: ಈ ಮಾತು ಯಾರದು, ಅದನ್ನು ನಾನು ಹೇಳಿದ್ದೇನಾ?

ನನ್ನ ಪ್ರಕಾರ ತಪ್ಪು ನಡೆಯುವುದು ಬರೆಯುವಾಗಲ್ಲ. ಅದಕ್ಕೂ ಎಷ್ಟೋ ತಿಂಗಳು ಮುಂಚೆ, ನೋಟ್ಸ್ ಮಾಡಿಕೊಳ್ಳುವಾಗ. ಪಿಡಿಎಫ್‌ನಿಂದ ಒಂದು ಪ್ಯಾರಾ ಕಾಪಿ ಮಾಡಿ ವರ್ಡ್ ಫೈಲಿಗೆ ಹಾಕುತ್ತೀರಿ. ಅದರ ಕೆಳಗೆ ನಿಮ್ಮದೇ ಒಂದು ಅನಿಸಿಕೆ. ಅದರ ಕೆಳಗೆ ಇನ್ನೊಂದು ಲೇಖನದ ಸಾರಾಂಶ. ಮೂರಕ್ಕೂ ಒಂದೇ ಫಾಂಟು, ಒಂದೇ ಬಣ್ಣ, ಪುಟಸಂಖ್ಯೆ ಇಲ್ಲ. ನಾಲ್ಕು ತಿಂಗಳ ಮೇಲೆ ಅಧ್ಯಾಯ ಬರೆಯಲು ಆ ಫೈಲು ತೆರೆದರೆ ಯಾವುದು ಯಾರದು ಅಂತ ನಿಮಗೇ ಹೊಳೆಯುವುದಿಲ್ಲ.

2011ರಲ್ಲಿ ಜರ್ಮನಿಯ ರಕ್ಷಣಾ ಸಚಿವರಾಗಿದ್ದ ಕಾರ್ಲ್-ಥಿಯೊಡೋರ್ ತ್ಸು ಗುಟೆನ್‌ಬರ್ಗ್ ಅವರ ಪಿಎಚ್‌ಡಿ ಪ್ರಬಂಧದ ಮೇಲೆ ಆರೋಪ ಬಂದಾಗ, ಅನಾಮಧೇಯ ಸ್ವಯಂಸೇವಕರು ಅಂತರ್ಜಾಲದಲ್ಲಿ ಒಟ್ಟಾಗಿ ಪುಟಪುಟವನ್ನೂ ಮೂಲಗಳ ಜೊತೆ ಹೋಲಿಸಿ ಪ್ರಕಟಿಸಿದರು. ಆರೇಳು ವರ್ಷ ಬರೆಯುವಾಗ ಆಕರಗಳ ಮೇಲೆ ಅಲ್ಲಲ್ಲಿ ಹಿಡಿತ ತಪ್ಪಿರಬಹುದು ಎಂಬರ್ಥದ ಸಮಜಾಯಿಷಿಯನ್ನು ಗುಟೆನ್‌ಬರ್ಗ್ ಕೊಟ್ಟರು. ಬೈರಾಯ್ಟ್ ವಿಶ್ವವಿದ್ಯಾಲಯ ಡಾಕ್ಟರೇಟ್ ವಾಪಸ್ ಪಡೆಯಿತು, ಮಾರ್ಚ್‌ನಲ್ಲಿ ಸಚಿವ ಸ್ಥಾನವೂ ಹೋಯಿತು. ಉದ್ದೇಶಪೂರ್ವಕವಾಗಿಯೇ ವಂಚಿಸಿದ್ದಾರೆ ಎಂದು ವಿಶ್ವವಿದ್ಯಾಲಯದ ತನಿಖಾ ಸಮಿತಿ ಆಮೇಲೆ ತೀರ್ಮಾನಿಸಿತು. ‘ನೋಟ್ಸ್ ಕಲಸಿಹೋಯಿತು’ ಎನ್ನುವುದು ನಿಜವೇ ಇದ್ದರೂ ಅದನ್ನು ಹೊರಗಿನವರಿಗೆ ಸಾಬೀತು ಮಾಡಲು ದಾರಿಯಿಲ್ಲ. ಆದ್ದರಿಂದ ಕಲಸಿಹೋಗದ ಹಾಗೆ ಬರೆದಿಟ್ಟುಕೊಳ್ಳುವುದೊಂದೇ ಉಪಾಯ.

ಅದಕ್ಕೆ ಬೇಕಾಗುವುದು ಇಷ್ಟು. ಏನನ್ನೇ ಇಳಿಸಿಕೊಳ್ಳುವ ಮೊದಲು ಲೇಖಕರು, ವರ್ಷ, ಶೀರ್ಷಿಕೆ, ಪುಟ ಬರೆಯಿರಿ. ಆಮೇಲೆ ಬರೆಯುತ್ತೇನೆ ಅಂದರೆ ಬರೆಯುವುದಿಲ್ಲ. ಯಥಾವತ್ತಾಗಿ ಇಳಿಸಿಕೊಂಡದ್ದಕ್ಕೆ ಅಲ್ಲೇ, ಆಗಲೇ ಉದ್ಧರಣ ಚಿಹ್ನೆ ಹಾಕಿ, ಒಂದು ಬಣ್ಣ ಕೊಡಿ. ಸಾರಾಂಶಕ್ಕೆ ಬೇರೆ ಬಣ್ಣ. ನಿಮ್ಮ ಸ್ವಂತ ಯೋಚನೆಯ ಮುಂದೆ ‘ನನ್ನದು’ ಅಂತ ಬರೆದುಕೊಳ್ಳಿ. ಜೊಟೆರೊ ಎಂಬ ಉಚಿತ ತಂತ್ರಾಂಶ ಆಕರಗಳ ವಿವರವನ್ನು ಹಿಡಿದಿಟ್ಟು, ಬೇಕಾದ ಶೈಲಿಯಲ್ಲಿ ಪಟ್ಟಿ ಮಾಡಿಕೊಡುತ್ತದೆ. ಆದರೆ ವೆಬ್ ಪುಟದಿಂದ ಅದು ತಾನಾಗಿ ಎಳೆದುಕೊಂಡ ವಿವರದಲ್ಲಿ ಹೆಸರು ತಿರುಗುಮುರುಗಾಗುವುದು, ವರ್ಷ ಬಿಟ್ಟುಹೋಗುವುದು ಸಾಮಾನ್ಯ. ಒಂದೊಂದನ್ನೂ ಕಣ್ಣಿಂದ ನೋಡಲೇಬೇಕು.

ಇನ್ನು, ಅತಿ ಹೆಚ್ಚು ಜನ ಜಾರಿ ಬೀಳುವ ಜಾಗಕ್ಕೆ ಬರೋಣ. ಮೂಲದಲ್ಲಿ ಒಂದು ವಾಕ್ಯ ಹೀಗಿದೆ ಅಂದುಕೊಳ್ಳಿ:

‘ಕಾಂಕ್ರೀಟು ಮತ್ತು ಡಾಂಬರು ಹಗಲು ಹೀರಿಕೊಂಡ ಶಾಖವನ್ನು ರಾತ್ರಿ ನಿಧಾನವಾಗಿ ಬಿಡುವುದರಿಂದ ನಗರಗಳ ರಾತ್ರಿಯ ತಾಪಮಾನ ಸುತ್ತಲಿನ ಹಳ್ಳಿಗಳಿಗಿಂತ ಹೆಚ್ಚಾಗಿರುತ್ತದೆ.’

ವಿದ್ಯಾರ್ಥಿ ಬರೆಯುವುದು: ‘ಸಿಮೆಂಟು ಮತ್ತು ಟಾರು ದಿನದ ಹೊತ್ತು ಹೀರಿದ ಬಿಸಿಯನ್ನು ರಾತ್ರಿ ವೇಳೆ ಮೆಲ್ಲಗೆ ಹೊರಬಿಡುವುದರಿಂದ ಪಟ್ಟಣಗಳ ರಾತ್ರಿಯ ಉಷ್ಣತೆ ಅಕ್ಕಪಕ್ಕದ ಗ್ರಾಮಗಳಿಗಿಂತ ಜಾಸ್ತಿ ಇರುತ್ತದೆ.’

ತಂತ್ರಾಂಶ ಇದನ್ನು ಹಿಡಿಯದೆಯೂ ಇರಬಹುದು. ಆದರೆ ಓದುವವರಿಗೆ ತಕ್ಷಣ ಗೊತ್ತಾಗುತ್ತದೆ. ಅಸ್ಥಿಪಂಜರ ಹಾಗೇ ಇದೆ, ಮೇಲಿನ ಅಂಗಿ ಮಾತ್ರ ಬೇರೆ. ಇದು ತೇಪೆ ಬರಹ. ಕೊನೆಗೊಂದು ರೆಫರೆನ್ಸ್ ಹಾಕಿದರೂ ಪೂರ್ತಿ ಸರಿಹೋಗುವುದಿಲ್ಲ, ಯಾಕೆಂದರೆ ವಾಕ್ಯರಚನೆ ನಿಮ್ಮದೆಂದು ಓದುಗರು ನಂಬುತ್ತಾರೆ. ಸಮಾನಾರ್ಥಕ ಪದ ಹುಡುಕಿ ಕೂರಿಸುವ ಈ ಅಭ್ಯಾಸಕ್ಕೆ ಮುಕ್ಕಾಲು ಪಾಲು ಕಾರಣ ಮೂಲ ಪೂರ್ತಿ ಅರ್ಥವಾಗದೇ ಇರುವುದು. ಅರ್ಥವಾಗದ ವಾಕ್ಯವನ್ನು ಬಿಚ್ಚಲು ಧೈರ್ಯ ಸಾಲುವುದಿಲ್ಲ, ಹಾಗಾಗಿ ಪದಗಳನ್ನಷ್ಟೇ ಬದಲಿಸುತ್ತಾರೆ.

ಪರಿಹಾರ: ಆ ಭಾಗವನ್ನು ಎರಡು ಸಲ ಓದಿ. ಪುಸ್ತಕ ಮುಚ್ಚಿ. ಪಕ್ಕದಲ್ಲಿರುವ ಯಾರಿಗೋ ವಿವರಿಸುವ ಹಾಗೆ ಬಾಯಲ್ಲಿ ಹೇಳಿ, ಹೇಳಿದ್ದನ್ನು ಬರೆಯಿರಿ. ಆಮೇಲೆ ಪುಸ್ತಕ ತೆರೆದು ಸಂಗತಿ ತಪ್ಪಿಲ್ಲ ತಾನೇ ಅಂತ ನೋಡಿ. ಆಗ ಬರುವುದು ಇಂಥದ್ದು: ‘ನಗರಕ್ಕೂ ಹಳ್ಳಿಗೂ ಇರುವ ತಾಪಮಾನದ ವ್ಯತ್ಯಾಸ ಎದ್ದು ಕಾಣುವುದು ಸೂರ್ಯ ಮುಳುಗಿದ ಮೇಲೆ. ರಸ್ತೆ, ಕಟ್ಟಡಗಳು ಹಗಲಿನ ಶಾಖವನ್ನು ಕೂಡಿಟ್ಟುಕೊಳ್ಳುವುದೇ ಇದಕ್ಕೆ ಕಾರಣ.’ ಇದರ ಪಕ್ಕದಲ್ಲಿ ಲೇಖಕರ ಹೆಸರು, ವರ್ಷ, ಪುಟ. ಮಾತು ನಿಮ್ಮದಾಯಿತು, ವಿಚಾರ ಅವರದೇ. ಆದ್ದರಿಂದ ಮೂಲ ಹೇಳುವುದು ಈಗಲೂ ಕಡ್ಡಾಯ.

ಒಂದು ಭಾಷೆಯಲ್ಲಿ ಓದಿ ಇನ್ನೊಂದು ಭಾಷೆಯಲ್ಲಿ ಬರೆಯುವವರಿಗೂ ಇದೇ ಮಾತು. ಇಂಗ್ಲಿಷ್ ಪ್ಯಾರಾವನ್ನು ಕನ್ನಡಕ್ಕೆ ತಂದು ಮೂಲ ಹೇಳದೆ ಬಿಟ್ಟರೆ ಅದೂ ಕೃತಿಚೌರ್ಯವೇ. ಪದಸಾಲು ಬೇರೆಯಾದ್ದರಿಂದ ವರದಿಯಲ್ಲಿ ಬಣ್ಣ ಹತ್ತದಿರಬಹುದು, ಆದರೆ ಆ ಲೇಖನ ಓದಿರುವ ಒಬ್ಬ ಪರೀಕ್ಷಕರು ಸಾಕು. ಚಿತ್ರ, ಕೋಷ್ಟಕ, ಪ್ರೋಗ್ರಾಂ ಕೋಡ್ ಕೂಡ ಹಾಗೆಯೇ. ಹೋದ ಸೆಮಿಸ್ಟರಿನ ನಿಮ್ಮದೇ ಅಸೈನ್‌ಮೆಂಟನ್ನು ಹೇಳದೆ ಕೇಳದೆ ಇನ್ನೊಂದು ವಿಷಯಕ್ಕೆ ಒಪ್ಪಿಸುವುದನ್ನೂ ಬಹಳಷ್ಟು ವಿಶ್ವವಿದ್ಯಾಲಯಗಳು ಅಪರಾಧವೆಂದೇ ಎಣಿಸುತ್ತವೆ.

ರೆಫರೆನ್ಸ್ ಪಟ್ಟಿಯ ವಿಷಯದಲ್ಲಿ ಒಂದೇ ನಿಯಮ: ತೆರೆದು ನೋಡದ್ದನ್ನು ಪಟ್ಟಿಗೆ ಸೇರಿಸಬೇಡಿ. ಒಬ್ಬರ ಪುಸ್ತಕದಲ್ಲಿ ಇನ್ನೊಬ್ಬರ ಮಾತು ಓದಿದ್ದರೆ ‘ಇಂಥವರ ಪುಸ್ತಕದಲ್ಲಿ ಉಲ್ಲೇಖಿತ’ ಎಂದು ಬರೆಯಿರಿ. ಹಾಗೆ ಮಾಡದಿದ್ದರೆ ಮೊದಲನೆಯವರು ತಪ್ಪಾಗಿ ಕೊಟ್ಟ ಪುಟಸಂಖ್ಯೆ ನಿಮ್ಮ ಪ್ರಬಂಧಕ್ಕೂ ಹಾಗೇ ಬರುತ್ತದೆ, ನೀವು ಮೂಲ ನೋಡಿಲ್ಲ ಎನ್ನುವುದಕ್ಕೆ ಅದೇ ಸಾಕ್ಷಿಯಾಗುತ್ತದೆ. ಚಾಟ್‌ಜಿಪಿಟಿ ಬಂದಮೇಲಂತೂ ಈ ನಿಯಮ ಇನ್ನಷ್ಟು ಮುಖ್ಯ. ಅದು ಕೊಡುವ ರೆಫರೆನ್ಸ್‌ನಲ್ಲಿ ಲೇಖಕರು ನಿಜ, ಜರ್ನಲ್ ನಿಜ, ಲೇಖನ ಮಾತ್ರ ಎಲ್ಲೂ ಇರುವುದಿಲ್ಲ, ಹಾಗಾಗುವುದುಂಟು. ಲೇಖನವನ್ನು ಗುರುತಿಸುವ ಡಿಒಐ ಸಂಖ್ಯೆ ಹಾಕಿ ತೆರೆದು, ಅದೇ ಶೀರ್ಷಿಕೆ ಬಂತೇ ಎಂದು ನೋಡಲು ಅರ್ಧ ನಿಮಿಷ ಸಾಕು. ಎಐ ಬಳಕೆ ಎಲ್ಲಿಯವರೆಗೆ ಸರಿ ಎಂಬುದು ವಿಷಯದಿಂದ ವಿಷಯಕ್ಕೆ ಬದಲಾಗುತ್ತದೆ, ಕಲಿಸುವವರನ್ನೇ ಮೊದಲು ಕೇಳಿ, ಉತ್ತರವನ್ನು ಇಮೇಲ್‌ನಲ್ಲಿ ಪಡೆಯಿರಿ.

ಅಧ್ಯಾಪಕರಿಗೂ ಒಂದು ಮಾತು ಹೇಳಲೇಬೇಕು. ಬರಹ ಎಐ ಮಾಡಿದ್ದೇ ಎಂದು ಊಹಿಸುವ ಪತ್ತೆಕಾರಕದ ಅಂಕಿಯೊಂದನ್ನೇ ನೆಚ್ಚಿ ಯಾರನ್ನೂ ಕಟಕಟೆಗೆ ತರಬೇಡಿ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಸಂಸ್ಥೆಯೇ ತನ್ನ ಪತ್ತೆ ಸಾಧನವನ್ನು ನಿಖರತೆ ಸಾಲದೆಂದು 2023ರ ಜುಲೈನಲ್ಲಿ ಹಿಂತೆಗೆದುಕೊಂಡಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್ ಸಂಶೋಧಕರು ಏಳು ಪತ್ತೆಕಾರಕಗಳನ್ನು ಪರೀಕ್ಷಿಸಿದಾಗ, ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಗೆ ಬರೆದ ಪ್ರಬಂಧಗಳಲ್ಲಿ ಸರಾಸರಿ ಅರ್ಧಕ್ಕಿಂತ ಹೆಚ್ಚನ್ನು ಅವು ಯಂತ್ರದ ಬರಹವೆಂದು ತಪ್ಪಾಗಿ ಗುರುತಿಸಿದ್ದವು. ಇಂಗ್ಲಿಷನ್ನು ಕಷ್ಟಪಟ್ಟು ಕಲಿತವರ ಮೇಲೆಯೇ ಈ ಏಟು ಬೀಳುತ್ತದೆ, ಇದು ಅನ್ಯಾಯ. ವಿದ್ಯಾರ್ಥಿಗಳು ಗೂಗಲ್ ಡಾಕ್ಸ್ ಅಥವಾ ವರ್ಡ್‌ನಲ್ಲಿ ಬದಲಾವಣೆಗಳ ಇತಿಹಾಸ ಉಳಿಯುವಂತೆ ಬರೆಯಬೇಕು, ಕರಡುಗಳನ್ನು ಅಳಿಸಬಾರದು. ಹಂತಹಂತವಾಗಿ ಬೆಳೆದ ಬರಹ ತಾನೇ ಸಾಕ್ಷಿ ಹೇಳುತ್ತದೆ.

ಒಪ್ಪಿಸುವ ಹಿಂದಿನ ದಿನ ಪದ ಬದಲಿಸುತ್ತ ಕೂರುವ ಬದಲು ಪಟ್ಟಿಯನ್ನು ಎರಡೂ ಕಡೆಯಿಂದ ತಾಳೆ ನೋಡಿ. ಬರಹದೊಳಗೆ ಬಂದ ಪ್ರತಿ ಹೆಸರೂ ಕೊನೆಯ ಪಟ್ಟಿಯಲ್ಲಿರಬೇಕು, ಪಟ್ಟಿಯಲ್ಲಿರುವ ಪ್ರತಿಯೊಂದೂ ಬರಹದೊಳಗೆ ಎಲ್ಲಾದರೂ ಬಂದಿರಬೇಕು. ಒಪ್ಪಿಸಿದ ಮೇಲೆ ಮೂಲ ಹೇಳದ ಪ್ಯಾರಾ ಕಣ್ಣಿಗೆ ಬಿದ್ದರೆ ಯಾರೂ ಗಮನಿಸುವುದಿಲ್ಲ ಅಂತ ಕಾಯಬೇಡಿ. ಅವತ್ತೇ ಗೈಡ್‌ಗೆ ಬರೆಯಿರಿ: ಇಂಥ ಪುಟ, ಇಂಥ ಪ್ಯಾರಾ, ಮೂಲ ಇದು, ತಿದ್ದಿದ ಪುಟ ಲಗತ್ತಿಸಿದ್ದೇನೆ.