ಇವತ್ತು ಮೀನು ಹಿಡಿದಿಲ್ಲ ಸ್ವಾಮಿ

ಪೆಸಿಫಿಕ್ ಸಾಗರದ ನಡುವಿನ ಕಿರಿಬಾಟಿ ದೇಶದ ನೆಲವನ್ನೆಲ್ಲ ಒಟ್ಟುಗೂಡಿಸಿದರೆ 811 ಚದರ ಕಿಲೋಮೀಟರ್, ಬೆಂಗಳೂರು ನಗರಕ್ಕಿಂತ ತುಸು ಹೆಚ್ಚು. ಆದರೆ ಅದರ ದ್ವೀಪಗಳು ದಿಕ್ಕಿಗೊಂದರಂತೆ ಚೆದುರಿರುವುದರಿಂದ ಪಾಲಿಗೆ ಬಂದ ಕಡಲು ಸುಮಾರು 35 ಲಕ್ಷ ಚದರ ಕಿಲೋಮೀಟರ್. ಇಡೀ ಭಾರತದ ಭೂಭಾಗಕ್ಕಿಂತ ದೊಡ್ಡದು. ಇಷ್ಟನ್ನೂ ಕಾಯಲು ಅಲ್ಲಿನ ಪೊಲೀಸರ ಬಳಿ ಇರುವುದು ಒಂದು ಗಸ್ತು ಹಡಗು.

ಅದೂ ಆಸ್ಟ್ರೇಲಿಯಾ 2021ರಲ್ಲಿ ಕೊಟ್ಟದ್ದು. ದಾನ ಕೊಟ್ಟ ಹಸುವಿನ ಹಲ್ಲು ಎಣಿಸಬಾರದು, ಆದರೂ ಎಣಿಸೋಣ. ಉದ್ದ 39.5 ಮೀಟರ್. 12 ನಾಟ್ ವೇಗದಲ್ಲಿ, ಅಂದರೆ ಗಂಟೆಗೆ ಸುಮಾರು 22 ಕಿಲೋಮೀಟರ್‌ನಂತೆ ಹೋದರೆ ಒಂದು ಟ್ಯಾಂಕ್ ಇಂಧನಕ್ಕೆ ಸುಮಾರು 5,500 ಕಿಲೋಮೀಟರ್. ರಾಜಧಾನಿ ತರಾವಾದಿಂದ ಪೂರ್ವದ ಕಿರಿಟಿಮಾಟಿ ದ್ವೀಪಕ್ಕೆ 3,200 ಕಿಲೋಮೀಟರ್ ಮೀರುತ್ತದೆ. ಕಳ್ಳನನ್ನು ಹಿಡಿಯಲು ಹೊರಟರೆ ಆರು ದಿನಕ್ಕೆ ಮುಟ್ಟಬಹುದು. ಅಲ್ಲಿ ಡೀಸೆಲ್ ಸಿಗದಿದ್ದರೆ ಹಿಂದಿರುಗುವಂತಿಲ್ಲ. 2022ರಲ್ಲಿ ಈ ಮಾದರಿಯ ಹಡಗುಗಳಲ್ಲಿ ಎಂಜಿನ್‌ಗೂ ಗೇರ್‌ಬಾಕ್ಸ್‌ಗೂ ನಡುವಿನ ಜೋಡಣೆ ಬಿರುಕು ಬಿಡುತ್ತಿರುವುದು, ಹೊಗೆಕೊಳವೆಯಿಂದ ಕಾರ್ಬನ್ ಮೊನಾಕ್ಸೈಡ್ ಸೋರುತ್ತಿರುವುದು ಬೆಳಕಿಗೆ ಬಂತು. ಮೀನುಗಳಿಗಂತೂ ತೊಂದರೆಯಾಗಲಿಲ್ಲ.

ಹಾಗಾಗಿ ಅಲ್ಲಿ ಕಾವಲು ನಡೆಯುವುದು ಹೆಚ್ಚಾಗಿ ಕಾಗದದ ಮೇಲೆ. ಟ್ಯೂನಾ ಮೀನುಗಾರಿಕೆಯನ್ನು ಒಟ್ಟಾಗಿ ನಿಭಾಯಿಸುವ ನೌರು ಒಪ್ಪಂದಕ್ಕೆ ಸೇರಿದ, ಕಿರಿಬಾಟಿಯೂ ಸೇರಿ ಎಂಟು ದ್ವೀಪರಾಷ್ಟ್ರಗಳು 2007ರಿಂದ ಮೀನು ಮಾರುವುದನ್ನು ಬಿಟ್ಟು ದಿನಗಳನ್ನು ಮಾರತೊಡಗಿದವು. ಹೊರದೇಶದ ಹಡಗು ನಮ್ಮ ನೀರಿನಲ್ಲಿ ಒಂದು ದಿನ ಬಲೆ ಹಾಕಬೇಕೇ? ಕನಿಷ್ಠ 8,000 ಡಾಲರ್ ಕಟ್ಟಬೇಕು, ಆರೇಳು ಲಕ್ಷ ರೂಪಾಯಿ. ಉಪಾಯ ಜಾಣತನದ್ದೇ, ಮರ್ಯಾದೆಯಿಂದ ಒಪ್ಪಿಕೊಳ್ಳೋಣ: ಹಿಂದೆ ಚಿಲ್ಲರೆ ಎಸೆದು ಟ್ಯೂನಾ ಒಯ್ಯುತ್ತಿದ್ದವರು ಈಗ ನೋಟು ಎಣಿಸಿ ಕೊಡುತ್ತಾರೆ. ಕಿರಿಬಾಟಿ ಸರ್ಕಾರದ ಆದಾಯದಲ್ಲಿ ಅರ್ಧಕ್ಕಿಂತ ಬಹಳ ಹೆಚ್ಚು ಬರುವುದು ಇದರಿಂದಲೇ.

ದಿನ ಮಾರಿದ ಮೇಲೆ ದಿನ ಎಂದರೆಷ್ಟು ಎಂಬ ಪ್ರಶ್ನೆ ಬಂತು. ಹಡಗು 50 ಮೀಟರ್‌ಗಿಂತ ಚಿಕ್ಕದಿದ್ದರೆ ಅದರ ಒಂದು ದಿನ ಲೆಕ್ಕಕ್ಕೆ ಅರ್ಧ ದಿನ. 80 ಮೀಟರ್ ಮೀರಿದರೆ ಒಂದೂವರೆ ದಿನ. ಸೂರ್ಯನನ್ನು ಯಾರೂ ಕೇಳಲಿಲ್ಲ. ಇದರ ಮೇಲೆ ಇನ್ನೊಂದು ವಿನಾಯಿತಿ: ಮೀನು ಹಿಡಿಯದ ದಿನಕ್ಕೆ ದುಡ್ಡಿಲ್ಲ. ಎಂಜಿನ್ ಕೆಟ್ಟಿತು, ಗಾಳಿಮಳೆ ಬಂತು, ಬಲೆ ಕಟ್ಟಿಟ್ಟು ಸುಮ್ಮನೆ ಹಾದುಹೋದೆವು ಎಂದು ಅರ್ಜಿ ಹಾಕಿಕೊಳ್ಳಬಹುದು. ಜಗತ್ತಿನಲ್ಲಿ ಮೀನುಗಾರರು ಹಿಡಿದದ್ದಕ್ಕಿಂತ ದೊಡ್ಡದನ್ನು ಹೇಳಿಕೊಳ್ಳುತ್ತಾರೆ. ಏನೂ ಹಿಡಿಯಲೇ ಇಲ್ಲವೆಂದು ಲಿಖಿತವಾಗಿ ಸಾಧಿಸುವವರು ಇಲ್ಲಿ ಮಾತ್ರ.

ಅರ್ಜಿ ಪರಿಶೀಲಿಸುವ ಗುಮಾಸ್ತನ ಮುಂದೆ ಹಡಗು ಯಾವಾಗ ಎಲ್ಲಿತ್ತೆಂದು ಅದರ ಯಂತ್ರ ಉಪಗ್ರಹದ ಮೂಲಕ ಕಳಿಸಿದ ಚುಕ್ಕಿಗಳಿರುತ್ತವೆ. ನೇರ ಗೆರೆ, ಒಂದೇ ವೇಗ ಇದ್ದರೆ ಹಾದುಹೋಗಿದ್ದು ನಿಜ. ಅಂಕುಡೊಂಕು ಗೆರೆಯಿದ್ದರೆ ಹುಡುಕುತ್ತಿದ್ದರು. ನಿಯಮದ ಪ್ರಕಾರ ಮೀನು ಹುಡುಕುವುದೂ ಮೀನುಗಾರಿಕೆಯೇ. ಕಷ್ಟವೆಲ್ಲ ರಾತ್ರಿ ಎಂಜಿನ್ ನಿಲ್ಲಿಸಿ ತೇಲುವ ಹಡಗಿನದು. ಕ್ಯಾಪ್ಟನ್ ಹೇಳುತ್ತಾನೆ, ವಿಶ್ರಾಂತಿ. ಪಕ್ಕದಲ್ಲೇ ಮೀನು ಸೇರಲೆಂದು ತೇಲಿಬಿಟ್ಟ ತೆಪ್ಪವೊಂದಿರುತ್ತದೆ. ಅದರ ತೇಲುಬುರುಡೆಯೊಳಗಿನ ಸೋನಾರ್, ಕೆಳಗೆ ಎಷ್ಟು ಟನ್ ಟ್ಯೂನಾ ಸೇರಿದೆ ಎಂದು ಉಪಗ್ರಹದ ಮೂಲಕ ವರದಿ ಕಳಿಸುತ್ತಲೇ ಇರುತ್ತದೆ. ಬೆಳಗಾಗುವ ಮುಂಚೆ ಬಲೆ ಸುತ್ತಿದರಾಯಿತು. ಮಲ್ಪೆಯವರು ಪರ್ಸಿನ್ ಎನ್ನುವ ಬಲೆಯೇ ಅದು, ಒಂದೂವರೆ ಕಿಲೋಮೀಟರ್ ಉದ್ದ, ಇನ್ನೂರು ಮೀಟರ್ ಆಳ. ಇಂಥ ಬುರುಡೆಗಳನ್ನು ಒಂದು ಹಡಗು ಏಕಕಾಲಕ್ಕೆ 350ರವರೆಗೆ ಚಾಲೂ ಇಡಬಹುದು. ಹಡಗಿಗೆ ದಿನಗೂಲಿ, ಅಹೋರಾತ್ರಿ ಹುಡುಕುವ 350 ಬುರುಡೆಗಳಿಗೆ ದಿನದ ಲೆಕ್ಕವಿಲ್ಲ. ಅವು ಒಂದು ದೇಶದ ನೀರಿನಿಂದ ಇನ್ನೊಂದರ ನೀರಿಗೆ ತೇಲಿಹೋಗುವಾಗ ಯಾವ ಚೆಕ್‌ಪೋಸ್ಟೂ ಇಲ್ಲ.

ಚುಕ್ಕಿ ಕಳಿಸುವ ಯಂತ್ರ ಕೆಟ್ಟರೇನು ಗತಿ? ಅದಕ್ಕೂ ನಿಯಮವಿದೆ. ಕೆಲವು ಗಂಟೆಗಳಿಗೊಮ್ಮೆ ಕ್ಯಾಪ್ಟನ್ ತಾನೇ, ನಾನು ಇಂಥಲ್ಲಿದ್ದೇನೆ, ಎಂದು ಬರೆದು ಕಳಿಸಬೇಕು.

ಹೀಗಾಗಿ 2010ರಿಂದ ಪ್ರತಿ ಪರ್ಸಿನ್ ಹಡಗಿನಲ್ಲೂ ಒಬ್ಬ ವೀಕ್ಷಕ ಇರಲೇಬೇಕು. ಹಡಗಿನಲ್ಲಿ ಪಾಳಿಯ ಮೇಲೆ ಇಪ್ಪತ್ತನಾಲ್ಕು ಗಂಟೆ ಕೆಲಸ, ವೀಕ್ಷಕ ಒಬ್ಬನೇ. ಬಲೆಯಿಂದ ಮೀನು ಎತ್ತುವ ಪ್ರತಿ ಬುಟ್ಟಿಯಿಂದ ಐದೈದು ಮೀನು ಕೈಗೆ ಸಿಕ್ಕಂತೆ ಎತ್ತಿ ಅಳೆಯಬೇಕು. ಆ ಬುಟ್ಟಿಯಲ್ಲಿ ಟನ್‌ಗಟ್ಟಲೆ ಇರುತ್ತದೆ. ಕೈ ದೊಡ್ಡ ಮೀನಿನ ಕಡೆಗೇ ಹೋಗುತ್ತದೆ, ಸಣ್ಣವು ಲೆಕ್ಕದಿಂದ ಜಾರುತ್ತವೆ. ವಿಜ್ಞಾನಿಗಳು ಆಮೇಲೆ ಕುಳಿತು ತಿದ್ದುತ್ತಾರೆ. ಕೊನೆಗೆ ಹೌದು-ಇಲ್ಲ ಎಂದು ಗುರುತು ಹಾಕುವ ಫಾರಂ. ಸಿಬ್ಬಂದಿ ನಿಮ್ಮ ಮೇಲೆ ಕೈಮಾಡಿದರೇ, ಬೆದರಿಸಿದರೇ, ಅಡ್ಡಿಪಡಿಸಿದರೇ ಎಂಬ ಪ್ರಶ್ನೆಯೂ ಅದರಲ್ಲಿದೆ. ಉತ್ತರವನ್ನು ಅದೇ ಹಡಗಿನಲ್ಲಿ, ಅವರೇ ಬಡಿಸಿದ ಊಟ ಮಾಡಿ, ದಡದಿಂದ ಸಾವಿರ ಮೈಲಿ ದೂರ ಕುಳಿತು ಬರೆಯಬೇಕು. ಕಡಲಲ್ಲೇ ಸತ್ತ, ಕಾಣೆಯಾದ ವೀಕ್ಷಕರಿದ್ದಾರೆ. ಈ ಸಾಲಿಗೆ ಕುಚೋದ್ಯ ಹೊಂದುವುದಿಲ್ಲ. 2020ರಲ್ಲಿ ಕೋವಿಡ್ ಬಂದಾಗ ವೀಕ್ಷಕ ಬೇಕೆಂಬ ನಿಯಮವನ್ನೇ ಕೆಲಕಾಲ ಅಮಾನತಿನಲ್ಲಿಟ್ಟರು. ಬಲೆಗಳನ್ನು ಯಾರೂ ಅಮಾನತಿನಲ್ಲಿಡಲಿಲ್ಲ. ಬಲೆಯ ಬದಲು ಉದ್ದದ ಹಗ್ಗಕ್ಕೆ ಸಾಲುಗಟ್ಟಿ ಗಾಳ ಕಟ್ಟಿ ಮೀನು ಹಿಡಿಯುವ ಹಡಗುಗಳಿಗೆ ಗೊತ್ತುಮಾಡಿದ ವೀಕ್ಷಕರ ಪ್ರಮಾಣ ಶೇಕಡಾ 5. ಉಳಿದ 95ರ ಬಗ್ಗೆ ಕ್ಯಾಪ್ಟನ್‌ಗಳ ಕೈಬರಹದಲ್ಲಿ ನಂಬಿಕೆ ಇಡುವುದು.

ಅಂತರರಾಷ್ಟ್ರೀಯ ಕಡಲಿನಲ್ಲಿ ಸಿಕ್ಕಿಬಿದ್ದವನ ಕಡತ ಹೋಗುವುದು ಅವನ ಹಡಗು ನೋಂದಣಿಯಾದ, ಅದು ಬಾವುಟ ಹಾರಿಸುವ ದೇಶಕ್ಕೇ. ನಿಮ್ಮ ಹುಡುಗ ತಪ್ಪು ಮಾಡಿದ್ದಾನಂತೆ, ವಿಚಾರಿಸಿ ತಿಳಿಸಿ. ವಿಚಾರಿಸುತ್ತಾರೆ. ತಿಳಿಸುವುದು ಮುಂದಿನ ವರ್ಷದ ಸಭೆಯ ಕಾರ್ಯಸೂಚಿಗೆ ಹೋಗುತ್ತದೆ.

ಕಿರಿಬಾಟಿಗೇ ಸೇರಿದ ಫೀನಿಕ್ಸ್ ದ್ವೀಪಗಳ ಕಥೆಯನ್ನೂ ಹೇಳಬೇಕು. 2008ರಲ್ಲಿ ಅಲ್ಲಿನ ನಾಲ್ಕು ಲಕ್ಷ ಚದರ ಕಿಲೋಮೀಟರ್ ಕಡಲನ್ನು ರಕ್ಷಿತವೆಂದು ಸಾರಿದಾಗ ಜಗತ್ತೇ ಚಪ್ಪಾಳೆ ತಟ್ಟಿತು. 2010ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ವಾಣಿಜ್ಯ ಮೀನುಗಾರಿಕೆಗೆ ನಿಜವಾಗಿ ಮುಚ್ಚಿದ್ದು ಮೊದಲಿಗೆ ಅದರ ಸುಮಾರು ಶೇಕಡಾ 3 ಮಾತ್ರ. ಪೂರ್ತಿ ಬಾಗಿಲು ಹಾಕಿದ್ದು 2015ರ ಜನವರಿ 1ಕ್ಕೆ. ಅದೇ ಜೂನ್‌ನಲ್ಲಿ ಮಾರ್ಷಲ್ಸ್ 203 ಎಂಬ ಹಡಗು ಒಳಗೆ ಸಿಕ್ಕಿಬಿತ್ತು. ಹತ್ತು ಲಕ್ಷ ಡಾಲರ್ ದಂಡ, ಮೇಲೆ ಹತ್ತು ಲಕ್ಷ ಡಾಲರ್ ಕೊಡುಗೆ. ನಿಯಮ ಜಾರಿಯಾದ ಅಪರೂಪದ ಗಳಿಗೆ. ಆದರೆ ಚಪ್ಪಾಳೆಯನ್ನು ಬಜೆಟ್‌ನ ಯಾವ ಕಾಲಂನಲ್ಲಿ ಬರೆಯುವುದೆಂದು ಹಣಕಾಸಿನವರಿಗೆ ತಿಳಿಯಲಿಲ್ಲ. 2021ರ ನವೆಂಬರ್‌ನಲ್ಲಿ ಆ ನೀರನ್ನು ಮತ್ತೆ ಮೀನುಗಾರಿಕೆಗೆ ತೆರೆಯುವುದಾಗಿ ಸರ್ಕಾರ ಪ್ರಕಟಿಸಿತು. ಇನ್ನು ಅಲ್ಲಿ ಬಲೆ ಕಂಡರೆ ದಂಡದ ನೋಟಿಸ್ ಬರೆಯುವ ಕೆಲಸವಿಲ್ಲ, ಬಿಲ್ ಸಾಕು: ದಿನ ಒಂದು, ಹಡಗು 80 ಮೀಟರ್ ದಾಟಿದ್ದರೆ ಒಂದೂವರೆ.