ಒಂದು ಟಿ ಕಮ್ಮಿ

ಓಪನ್ ಸೋರ್ಸ್ ಸಾಫ್ಟ್‌ವೇರಿಗೆ ನನ್ನ ಕೊಡುಗೆಯೂ ಇದೆ ಅಂದರೆ ಜನ ಸ್ವಲ್ಪ ನೆಟ್ಟಗೆ ಕೂರುತ್ತಾರೆ. ಏನು ಬರೆದಿರಿ ಅಂತ ಕೇಳುತ್ತಾರೆ. ‘ಸ್ಪೆಲ್ಲಿಂಗ್ ತಿದ್ದಿದೆ’ ಅಂದ ತಕ್ಷಣ ಮತ್ತೆ ಕುರ್ಚಿಗೆ ಒರಗುತ್ತಾರೆ.

ನೆಟ್‌ವರ್ಕಿಂಗ್ ಸಾಫ್ಟ್‌ವೇರ್ ಬರೆಯುವವರು ಬುದ್ಧಿವಂತರು, ಅನುಮಾನವೇ ಬೇಡ. ಆದರೆ ಕಳೆದುಹೋದ ಪ್ಯಾಕೆಟ್ಟನ್ನು (ನೆಟ್‌ವರ್ಕಿನಲ್ಲಿ ಓಡಾಡುವ ಡೇಟಾದ ತುಂಡನ್ನು) ಪತ್ತೆ ಮಾಡಿ ಮತ್ತೆ ಕಳಿಸುವ ಈ ಜನ, ಮ್ಯಾನ್ ಪೇಜ್, ಅಂದರೆ ಕಮಾಂಡಿನ ಕೈಪಿಡಿ ಪುಟ, ಬರೆಯುವಾಗ ಕಳೆದುಹೋದ ಅಕ್ಷರವನ್ನು ಹುಡುಕುವುದೇ ಇಲ್ಲ. ಅಡ್ರೆಸ್‌ಗೆ ಒಂದೇ ಡಿ. ರಿಸೀವ್‌ನಲ್ಲಿ ಇ ಮತ್ತು ಐ ಜಾಗ ಬದಲಾಯಿಸಿಕೊಂಡಿರುತ್ತವೆ. ನೆಟ್‌ವರ್ಕ್ ಕಾರ್ಡ್ ತನ್ನದಲ್ಲದ ಪ್ಯಾಕೆಟ್‌ಗಳನ್ನೂ ಓದುವುದಕ್ಕೆ ಪ್ರಾಮಿಸ್ಕ್ಯುಯಸ್ ಮೋಡ್ ಅನ್ನುತ್ತಾರೆ. ಅದರ ಯು ಬೀಳುತ್ತಲೇ ಇರುತ್ತದೆ. ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್ ಬರೆಯುವವರು ಜನ ಮಾಡುವ ಕಾಗುಣಿತದ ತಪ್ಪುಗಳದ್ದೇ ಒಂದು ಪಟ್ಟಿ ಇಟ್ಟಿದ್ದಾರೆ. ಅದರಲ್ಲಿ ಇದೂ ಇದೆ.

ಆ ಯು ಸೇರಿಸುವುದು ಸುಲಭವಲ್ಲ. ಪ್ಯಾಚ್ (ಏನೇನು ಬದಲಾಯಿತು ಅನ್ನುವ ಫೈಲ್) ಮಾಡಬೇಕು. ಯಾವ ಟ್ರೀಗೆ, ಅಂದರೆ ಕೋಡಿನ ಯಾವ ಪ್ರತಿಗೆ, ಅಂತ ತಲೆಬರಹದಲ್ಲೇ ಹೇಳಬೇಕು. ಯಾಕೆ ಅಂತ ವಿವರಣೆ ಬರೆಯಬೇಕು. ಕೊನೆಗೆ ‘ಸೈನ್ಡ್ ಆಫ್ ಬೈ’ ಅಂತ ಹೆಸರು ಹಾಕಬೇಕು. ಈ ಬದಲಾವಣೆ ಕೊಡಲು ನನಗೆ ಹಕ್ಕಿದೆ ಅಂತ ಅದರ ಅರ್ಥ. ಒಂದು ಯು ಮೇಲೆ ನನ್ನ ಹಕ್ಕು! ಹೊಸ ಆವೃತ್ತಿಗೆ ಕೋಡ್ ಒಟ್ಟುಗೂಡಿಸುವ ಮರ್ಜ್ ವಿಂಡೋ ಶುರುವಾಗಿದ್ದರೆ, ನೆಟ್‌ವರ್ಕಿಂಗಿನ ಹೊಸ ಬದಲಾವಣೆಗಳು ಸೇರುವ ನೆಟ್-ನೆಕ್ಸ್ಟ್ ಟ್ರೀ ಸುಮಾರು ಎರಡು ವಾರ ಬಾಗಿಲು ಹಾಕಿಕೊಂಡಿರುತ್ತದೆ. ಅಲ್ಲಿಯವರೆಗೆ ಯು ಹೊರಗೆ ಕಾಯಬೇಕು. ಒಂದೇ ಸಮಾಧಾನ ಅಂದರೆ ಅವರ ನಿಯಮದ ಪುಟ. ಸುಮ್ನೆ ಕೋಡ್ ಚಂದ ಮಾಡುವ ಪ್ಯಾಚ್ ಬೇಡ, ಕಾಗುಣಿತ ತಿದ್ದಿದರೆ ಅಡ್ಡಿಯಿಲ್ಲ ಎಂಬಂತೆ ಬರೆದಿದ್ದಾರೆ. ಊಟದ ಹೊತ್ತಿಗೆ ಬಂದ ದೂರದ ನೆಂಟರಿಗೆ ‘ಬಂದಿದ್ದೀರಿ, ಕೂತ್ಕೊಳ್ಳಿ’ ಅಂದ ಹಾಗೆ.

2020ರ ಅಕ್ಟೋಬರ್‌ನಲ್ಲಿ ಅಷ್ಟು ಮರ್ಯಾದೆಯೂ ಹೋಯಿತು. ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ (ಓಪನ್ ಸೋರ್ಸಿಗೆ ಜನರನ್ನು ಸೆಳೆಯುವ ಅಕ್ಟೋಬರ್ ಹಬ್ಬ) ನಾಲ್ಕು ಪುಲ್ ರಿಕ್ವೆಸ್ಟ್, ಅಂದರೆ ನನ್ನ ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ, ಕಳಿಸಿದರೆ ಟೀ ಶರ್ಟ್. ಬಂತು ನೋಡಿ ಹಿಂಡು! ರೀಡ್‌ಮಿ ಎಂಬ ಪರಿಚಯದ ಫೈಲಿಗೆ ‘ಅದ್ಭುತ ಪ್ರಾಜೆಕ್ಟ್’ ಅಂತ ಸೇರಿಸಿ ಕಳಿಸಿದವರೇ ಎಷ್ಟೋ ಜನ. ಕೊನೆಗೆ, ಒಪ್ಪಿಗೆ ಕೊಟ್ಟ ಪ್ರಾಜೆಕ್ಟುಗಳದ್ದು ಮಾತ್ರ ಲೆಕ್ಕಕ್ಕೆ ಅಂತ ನಿಯಮವನ್ನೇ ಬದಲಾಯಿಸಿದರು. ಅದೇ ತಿಂಗಳು ನಾನು ಒಂದು ರೂಟಿಂಗ್ ಸಾಫ್ಟ್‌ವೇರಿನ ಮ್ಯಾನ್ಯುಯಲ್ ತಿದ್ದಿ ಕಳಿಸಿದೆ. ‘ಟೀ ಶರ್ಟ್ ಅಂಗಡಿಯಲ್ಲೂ ಸಿಗುತ್ತದೆ’ ಅಂತ ಉತ್ತರ ಬಂತು.

ಕೈಯಲ್ಲಿ ತಿದ್ದಲು ಬೇಜಾರಾದರೆ ಕೋಡ್‌ಸ್ಪೆಲ್ ಎಂಬ ಟೂಲ್ ಇದೆ. ಒಳ್ಳೆಯದೇ, ಆದರೆ ಸ್ವಲ್ಪ ಉತ್ಸಾಹ ಜಾಸ್ತಿ. ಐಪಿವಿ6 ಎಂಬ ಇಂಟರ್ನೆಟ್ ವಿಳಾಸ ಪದ್ಧತಿಯಲ್ಲಿ ಪಕ್ಕದ ಯಂತ್ರಗಳನ್ನು ಪತ್ತೆ ಹಚ್ಚುವ ನೇಬರ್ ಡಿಸ್ಕವರಿಯನ್ನು ಎಲ್ಲರೂ ಎನ್‌ಡಿ ಅಂತ ಬರೆಯುತ್ತಾರೆ. ಅದು ಇದರ ಕಣ್ಣಿಗೆ ಎ ಬಿಟ್ಟುಹೋದ ಅಂಡ್. ನೆಟ್‌ವರ್ಕಿನ ದಟ್ಟಣೆ ಹಂಚುವ ಟ್ರಾಫಿಕ್ ಎಂಜಿನಿಯರಿಂಗ್‌ನ ಟಿಇ ಅಂದರೆ ಎಚ್ ಬಿಟ್ಟುಹೋದ ದಿ. ನೇಬರ್‌ದಂತೂ ಬೇರೆಯೇ ರಾಮಾಯಣ. ಇಂಟರ್ನೆಟ್ಟಿನ ನಿಯಮ ಬರೆದಿಡುವ ದಾಖಲೆಗಳಿಗೆ ಆರ್‌ಎಫ್‌ಸಿ ಅನ್ನುತ್ತಾರೆ. ನೇಬರ್ ಡಿಸ್ಕವರಿಯ ಆರ್‌ಎಫ್‌ಸಿ 4861ರಲ್ಲಿ ಅಮೆರಿಕದವರ ಹಾಗೆ ಯು ಇಲ್ಲ, ಲಿನಕ್ಸಿನ ಐಪಿ ಕಮಾಂಡಿನ ಮ್ಯಾನ್ ಪೇಜಿನಲ್ಲಿ ಇದೆ. ಟೈಪ್ ಮಾಡುವವರು ಜಗಳವೇ ಬೇಡ ಅಂತ ಜಿ ಎಚ್‌ಗೆ ನಿಲ್ಲಿಸಿಬಿಡುತ್ತಾರೆ. ಯು ಬಿಟ್ಟರೆ ಅಂಕ ಕಳೆಯುವ ಮೇಷ್ಟ್ರ ಕೈಯಲ್ಲಿ ಓದಿದ ನಾನು ಯಾವ ಪಕ್ಷ ಅಂತ ಹೇಳಬೇಕಿಲ್ಲ ಅಲ್ವಾ?

ತಪ್ಪು ಬೇಗ ಕಣ್ಣಿಗೆ ಬಿದ್ದರೆ ಸರಿ. ತಡವಾದರೆ ಅದನ್ನು ಎಬ್ಬಿಸುವುದು ಕಷ್ಟ. ಯಾವ ಪುಟದಿಂದ ಬಂದಿರಿ ಅಂತ ಬ್ರೌಸರ್ ಸರ್ವರ್‌ಗೆ ಹೇಳುವ ಹೆಡರ್‌ನ (ಕೋರಿಕೆಯ ಜೊತೆ ಹೋಗುವ ಸಾಲಿನ) ಹೆಸರು ರೆಫರರ್. ನಡುವೆ ಎರಡು ಆರ್ ಇರಬೇಕಿತ್ತು. ವೆಬ್ ಪುಟ ತರಿಸುವ ನಿಯಮಾವಳಿಯಾದ ಎಚ್‌ಟಿಟಿಪಿ 1.0ರ 1996ರ ಆರ್‌ಎಫ್‌ಸಿಯಲ್ಲಿ ಒಂದೇ ಇತ್ತು. 2022ರ ಆರ್‌ಎಫ್‌ಸಿ 9110ರಲ್ಲೂ ಇದು ತಪ್ಪು ಅಂತ ಪಕ್ಕದಲ್ಲಿ ಗುರುತು ಹಾಕಿ ಹಾಗೇ ಬಿಟ್ಟಿದ್ದಾರೆ. ಬದಲಾಯಿಸಿದರೆ ಅದನ್ನೇ ನಂಬಿಕೊಂಡ ಸರ್ವರ್‌ಗಳ ಗತಿ? ಆಮೇಲೆ ಬಂದ ರೆಫರರ್-ಪಾಲಿಸಿ ಹೆಡರ್‌ನಲ್ಲಿ ಮಾತ್ರ ಎರಡು ಆರ್. ಈಗ ಎರಡೂ ನೆನಪಿಟ್ಟುಕೊಳ್ಳಬೇಕು.

ನಮ್ಮ ಆಫೀಸಿಗೆ ಇದೇ ಕಾಟ ನೆಟ್‌ಸ್ಟ್ಯಾಟ್ ಕಡೆಯಿಂದ ಬಂತು. ಆ ಕಮಾಂಡಿಗೆ ಮೈನಸ್ ಎಸ್ ಕೊಟ್ಟರೆ, ಎಷ್ಟು ಟಿಸಿಪಿ ಸೆಗ್ಮೆಂಟುಗಳನ್ನು (ಡೇಟಾದ ತುಂಡುಗಳನ್ನು) ಮತ್ತೆ ಕಳಿಸಬೇಕಾಯಿತು ಅಂತ ಲೆಕ್ಕ ಬರುತ್ತದೆ. ಲಿನಕ್ಸಿನಲ್ಲಿ ವರ್ಷಗಟ್ಟಲೆ ಆ ಸಾಲಿನ ರಿಟ್ರಾನ್ಸ್‌ಮಿಟೆಡ್‌ಗೆ ಒಂದು ಟಿ ಕಮ್ಮಿ ಇತ್ತು. ಯಾರೋ ಪುಣ್ಯಾತ್ಮರು ತಿದ್ದಿದರು. (ನಾನಲ್ಲ. ನಾನಾಗಿದ್ದರೆ ಊರಿಗೆಲ್ಲ ಹೇಳಿರುತ್ತಿದ್ದೆ.) ನಮ್ಮಲ್ಲಿ ಕೆಲಸ ಬಿಟ್ಟುಹೋದವರೊಬ್ಬರ ಸ್ಕ್ರಿಪ್ಟ್ (ಪುಟ್ಟ ಪ್ರೋಗ್ರಾಂ) ಒಂದು ಟಿಯ ಪದವನ್ನೇ ಗ್ರೆಪ್ ಮಾಡಿ, ಅಂದರೆ ಹುಡುಕಿ, ಗ್ರಾಫ್ ಬಿಡಿಸುತ್ತಿತ್ತು. ಸರ್ವರ್ ಅಪ್‌ಗ್ರೇಡ್ ಆಯಿತು. ಪದ ಸಿಗಲಿಲ್ಲ. ಗ್ರಾಫ್ ಸೊನ್ನೆಗೆ ಮಲಗಿತು.

ಸೊನ್ನೆ ಅಂದರೆ ಒಂದು ಪ್ಯಾಕೆಟ್ಟೂ ಕಳೆದುಹೋಗುತ್ತಿಲ್ಲ! ಮ್ಯಾನೇಜರ್‌ಗೆ ಖುಷಿಯೋ ಖುಷಿ. ಆಗಷ್ಟೇ ಕೇಬಲ್ ಬದಲಿಸಿದ್ದ ಕಂಟ್ರಾಕ್ಟರ್ ‘ನಮ್ಮ ಕೇಬಲ್ ಅಂದ್ರೆ ಹಂಗೇ ಸರ್’ ಅಂತ ಬಿಲ್ ಪಾಸ್ ಮಾಡಿಸಿಕೊಂಡ. ನಾನು ಟರ್ಮಿನಲ್ ತೆರೆದು ತೋರಿಸಿದೆ.

‘ಸರ್, ನೆಟ್‌ವರ್ಕ್ ಮೊದಲಿನ ಹಾಗೇ ಇದೆ. ಸ್ಪೆಲ್ಲಿಂಗ್ ಸರಿಹೋಗಿದೆ ಅಷ್ಟೇ.’

ಅವರು ಪರದೆಯನ್ನೂ ನನ್ನನ್ನೂ ನೋಡಿದರು. ‘ಸ್ಕ್ರಿಪ್ಟ್ ಸರಿ ಮಾಡೋದು ಮುಂದಿನ ಕ್ವಾರ್ಟರ್‌ಗೆ ಇಟ್ಕೊಳ್ಳೋಣ್ವಾ ಮೇಡಂ?’

ಅವತ್ತೇ ಮಾಡಿದೆ. ಜಗಳದ ಟಿ ಬರುವ ಮೊದಲೇ ನಿಲ್ಲುವ ಹಾಗೆ ‘ರಿಟ್ರಾನ್ಸ್’ ಅಂತ ಮಾತ್ರ ಹುಡುಕಿಸಿದೆ. ಸಂಜೆಗೆ ಗ್ರಾಫ್ ಎದ್ದು ಕೂತಿತು. ಸೊನ್ನೆಯ ದಿನಗಳು ಮಾತ್ರ ಗ್ರಾಹಕರಿಗೆ ತೋರಿಸುವ ಸ್ಲೈಡಿನಲ್ಲಿ ಹಸಿರು ಬಣ್ಣದಲ್ಲಿ ಉಳಿದುಕೊಂಡವು. ಕಂಟ್ರಾಕ್ಟರ್ ಅದರ ಫೋಟೋ ಹೊಡೆದುಕೊಂಡು ಬೇರೆ ಆಫೀಸುಗಳಲ್ಲಿ ತೋರಿಸುತ್ತಿದ್ದಾನಂತೆ.