ನನ್ನ ಓಟು, ಮಗಳ ಓಟು

2016ರ ನವೆಂಬರ್. ಅಮೆರಿಕದ ಪ್ರಜೆಯಾಗಿ ನಾನು ಅಧ್ಯಕ್ಷರ ಚುನಾವಣೆಗೆ ಮೊದಲ ಸಲ ಓಟು ಹಾಕಿದ್ದೆ. ಫಲಿತಾಂಶ ಬಂದು ಕೆಲವು ದಿನಕ್ಕೆ ಮೈಸೂರಿನಿಂದ ಅಮ್ಮ ಫೋನ್ ಮಾಡಿದರು. "ಅಲ್ಲ ಕಣೇ, ಆ ಹಿಲರಿಗೇ ಜಾಸ್ತಿ ಓಟು ಬಿದ್ದಿದೆ ಅಂತ ಪೇಪರ್‌ನಲ್ಲಿ ಬರೆದಿದ್ದಾರೆ. ಮತ್ತೆ ಸೋತಿದ್ದು ಹೇಗೆ?"

ಅವರು ಓದಿದ್ದು ನಿಜ. ಇಡೀ ದೇಶದ ಓಟು ಕೂಡಿದರೆ ಹಿಲರಿ ಕ್ಲಿಂಟನ್ ಸುಮಾರು 29 ಲಕ್ಷ ಮುಂದಿದ್ದರು. ಅಧ್ಯಕ್ಷರಾದದ್ದು ಟ್ರಂಪ್.

ಅಮ್ಮನಿಗೆ ಹೀಗೆ ಹೇಳಿದೆ. ಇಲ್ಲಿ ನಾವು ನೇರವಾಗಿ ಅಧ್ಯಕ್ಷರನ್ನು ಆರಿಸುವುದಿಲ್ಲ. ಒಂದೊಂದು ರಾಜ್ಯಕ್ಕೂ ಇಷ್ಟು ಅಂತ ಎಲೆಕ್ಟರ್‌ಗಳಿರುತ್ತಾರೆ. ಅವರನ್ನು ಆರಿಸುತ್ತೇವೆ. ಒಟ್ಟು 538 ಜನ. 270 ಸಿಕ್ಕವರು ಗೆದ್ದರು. ನವೆಂಬರ್‌ನಲ್ಲಿ ನಮ್ಮ ಓಟು, ಡಿಸೆಂಬರ್‌ನಲ್ಲಿ ಅವರ ಓಟು, ಜನವರಿ 6ಕ್ಕೆ ವಾಷಿಂಗ್ಟನ್‌ನಲ್ಲಿ ಎಣಿಕೆ. ಇಷ್ಟು ಹೇಳಿದಾಗ ಅಮ್ಮ ಒಪ್ಪಿಕೊಂಡರು. ಶಾಸಕರು ಮುಖ್ಯಮಂತ್ರಿಯನ್ನು ಆರಿಸಿದ ಹಾಗೆ ಅಂದುಕೊಂಡರು. ತೊಡಕು ಇದರ ಮುಂದಿನದು. 48 ರಾಜ್ಯಗಳಲ್ಲಿ, ರಾಜಧಾನಿಯಲ್ಲೂ, ಯಾರಿಗೆ ಒಂದೇ ಒಂದು ಓಟು ಜಾಸ್ತಿ ಬಂದರೂ ಅಲ್ಲಿನ ಎಲ್ಲಾ ಎಲೆಕ್ಟರ್‌ಗಳೂ ಅವರಿಗೇ. ಮೇನ್ ಮತ್ತು ನೆಬ್ರಾಸ್ಕಾ ಮಾತ್ರ ಕ್ಷೇತ್ರವಾರು ಹಂಚುತ್ತವೆ. "ಕರ್ನಾಟಕದಲ್ಲಿ ಒಂದು ಓಟು ಹೆಚ್ಚು ಬಂದ ಪಕ್ಷಕ್ಕೆ 28 ಎಂಪಿ ಸೀಟನ್ನೂ ಕೊಟ್ಟುಬಿಟ್ಟರೆ ಹೇಗಿರುತ್ತೆ ಅಮ್ಮ?" ಅಂದೆ. "ಅದ್ಯಾವ ನ್ಯಾಯನೇ!" ಅಂದರು.

ಗೆಳೆಯರು ಕೆಲವರು ವಾದಿಸುತ್ತಾರೆ: 2018ರಲ್ಲಿ ಕರ್ನಾಟಕದಲ್ಲೂ ಕಾಂಗ್ರೆಸ್‌ಗೆ ಓಟಿನ ಪಾಲು ಜಾಸ್ತಿ ಇತ್ತು, ಬಿಜೆಪಿಗೆ ಸೀಟು ಜಾಸ್ತಿ ಬಂತು, ಅಲ್ವಾ? ಹೌದು. ಆದರೆ ಅಲ್ಲಿ ಪ್ರತಿ ಕ್ಷೇತ್ರಕ್ಕೂ ತನ್ನದೇ ಶಾಸಕ ಸಿಗುತ್ತಾನೆ. ಇಲ್ಲಿ ಆರಿಸುತ್ತಿರುವುದು ಇಡೀ ದೇಶಕ್ಕೆ ಒಬ್ಬರನ್ನು. ಆ ಒಬ್ಬರನ್ನು ಆರಿಸುವಾಗ ನಾನು ಯಾವ ರಾಜ್ಯದಲ್ಲಿ ಮನೆ ಮಾಡಿದ್ದೇನೆ ಅನ್ನುವುದು ಯಾಕೆ ಲೆಕ್ಕಕ್ಕೆ ಬರಬೇಕು?

ನಾವಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ನಮ್ಮ ರಾಜ್ಯ ಯಾರಿಗೆ ಅನ್ನುವುದು ಚುನಾವಣೆಗೆ ವರ್ಷ ಮೊದಲೇ ಎಲ್ಲರಿಗೂ ಗೊತ್ತು. ಮಗಳು ಪಿಟ್ಸ್‌ಬರ್ಗ್‌ಗೆ ಓದಲು ಹೋದದ್ದು 2024ರಲ್ಲಿ. ಪೆನ್ಸಿಲ್ವೇನಿಯಾಕ್ಕೆ 19 ಎಲೆಕ್ಟರ್‌ಗಳು, ಯಾವ ಕಡೆ ವಾಲುತ್ತದೋ ಯಾರಿಗೂ ಗೊತ್ತಿಲ್ಲ. ಅವಳು ಅಲ್ಲೇ ಹೆಸರು ನೋಂದಾಯಿಸಿಕೊಂಡಳು. ಅಕ್ಟೋಬರ್‌ನಲ್ಲಿ ದಿನಕ್ಕೆ ಹತ್ತಾರು ಮೆಸೇಜು. ಬಾಗಿಲು ತಟ್ಟುವವರು, ಕಾಲೇಜಿನ ಗೇಟಿನಲ್ಲಿ ಕರಪತ್ರ ಹಿಡಿದವರು. ನಮ್ಮ ಬಾಗಿಲಿಗೆ ಒಬ್ಬರೂ ಬರಲಿಲ್ಲ. ಅಂಚೆಯಲ್ಲಿ ಬಂದ ಓಟಿನ ಹಾಳೆಯನ್ನು ಊಟದ ಟೇಬಲ್ ಮೇಲೆ ಹರಡಿಕೊಂಡು ನಾನೂ ನನ್ನ ಗಂಡನೂ ತುಂಬಿದೆವು. ಆ ಸಲ ರಾಜ್ಯದ ಹತ್ತು ಪ್ರಸ್ತಾವಗಳಿದ್ದವು. ಅವನ್ನು ಕೂತು ಓದಿದೆವು, ಚರ್ಚೆ ಮಾಡಿದೆವು. ಅಧ್ಯಕ್ಷರ ಸಾಲಿಗೆ ಬಂದಾಗ ಮಾತ್ರ ಪೆನ್ನು ಸುಮ್ನೆ ಓಡಿತು. ಅದು ನನಗೆ ಬೇಜಾರು ತಂದಿತು. ಈ ದೇಶದ ಪ್ರಜೆಯಾಗಲು ವರ್ಷಗಟ್ಟಲೆ ಕಾದವಳು ನಾನು.

ಇದು ಒಂದು ಪಕ್ಷದವರ ಅಳಲು ಅಲ್ಲ. 2020ರಲ್ಲಿ ಟ್ರಂಪ್‌ಗೆ ಎಲ್ಲಕ್ಕಿಂತ ಹೆಚ್ಚು ಓಟು ಬಿದ್ದ ರಾಜ್ಯ ಯಾವುದು ಗೊತ್ತಾ? ಟೆಕ್ಸಾಸ್ ಅಲ್ಲ, ಕ್ಯಾಲಿಫೋರ್ನಿಯಾ. 60 ಲಕ್ಷ ಜನ. ಅಷ್ಟು ಜನರ ಓಟಿಗೆ ಸಿಕ್ಕ ಎಲೆಕ್ಟರ್‌ಗಳು ಸೊನ್ನೆ. ಟೆಕ್ಸಾಸ್‌ನಲ್ಲಿ ಬೈಡನ್‌ಗೆ ಹಾಕಿದ 52 ಲಕ್ಷ ಜನರಿಗೂ ಅದೇ ಸೊನ್ನೆ. ಅದೇ ವರ್ಷ ಬೈಡನ್ ದೇಶದಲ್ಲಿ 70 ಲಕ್ಷ ಓಟು ಮುಂದಿದ್ದರೂ, ಅರಿಜೋನಾ, ಜಾರ್ಜಿಯಾ, ವಿಸ್ಕಾನ್ಸಿನ್ ಮೂರೂ ಸೇರಿ ಅವರ ಮುನ್ನಡೆ ಕೇವಲ 43 ಸಾವಿರದಷ್ಟು. ಆ ಮೂರು ಕೈತಪ್ಪಿದ್ದರೆ 269-269 ಸಮ. ಒಂದು ಸಣ್ಣ ಊರಿನ ಜನಸಂಖ್ಯೆಯಷ್ಟು ಓಟಿನ ಮೇಲೆ ಇಡೀ ದೇಶ ನಿಂತಿತ್ತು.

ಚಿಕ್ಕ ರಾಜ್ಯಗಳ ರಕ್ಷಣೆಗೆ ಈ ಪದ್ಧತಿ ಬೇಕು ಅನ್ನುತ್ತಾರೆ. ವಯೋಮಿಂಗ್‌ನಲ್ಲಿ 5.77 ಲಕ್ಷ ಜನ, ಮೂವರು ಎಲೆಕ್ಟರ್‌ಗಳು. ಅಂದರೆ 1.92 ಲಕ್ಷ ಜನರಿಗೆ ಒಬ್ಬರು. ನಮ್ಮಲ್ಲಿ 7.3 ಲಕ್ಷ ಜನರಿಗೆ ಒಬ್ಬರು. ಸರಿ, ತೂಕ ಜಾಸ್ತಿ ಕೊಟ್ಟರು. ಆದರೂ ಓಟು ಕೇಳಲು ವಯೋಮಿಂಗ್‌ಗೆ ಯಾರು ಹೋಗುತ್ತಾರೆ? ವರ್ಮಾಂಟ್‌ಗೆ ಯಾರು ಹೋಗುತ್ತಾರೆ? ಎಲ್ಲರೂ ಹೋಗುವುದು ಪೆನ್ಸಿಲ್ವೇನಿಯಾ, ಮಿಶಿಗನ್, ಜಾರ್ಜಿಯಾಗೆ.

ಹಿರಿಯರು ಯೋಚಿಸಿ ಮಾಡಿದ್ದು ಅನ್ನುವ ಮಾತೂ ಕೇಳುತ್ತೇನೆ. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸಂವಿಧಾನ ಬರೆಯಲು ಸೇರಿದ್ದ ಸಭೆಯಲ್ಲಿ, ಜನರೇ ನೇರವಾಗಿ ಆರಿಸಲಿ ಅಂತ ಜೇಮ್ಸ್ ವಿಲ್ಸನ್ ಎಂಬ ಸದಸ್ಯರು ಹೇಳಿದ್ದರು. ಜನರ ಆಯ್ಕೆಯೇ ಒಳ್ಳೆಯದು ಅಂತ ಅದೇ ಸಭೆಯಲ್ಲಿದ್ದ ಜೇಮ್ಸ್ ಮ್ಯಾಡಿಸನ್ ಕೂಡ ಒಪ್ಪಿದರು. ಆದರೆ ದಕ್ಷಿಣದ ರಾಜ್ಯಗಳಲ್ಲಿ ಗುಲಾಮರಿಗೆ ಓಟಿಲ್ಲ, ಹಾಗಾಗಿ ಆ ರಾಜ್ಯಗಳಿಗೆ ನಷ್ಟ ಅಂತ ಅವರೇ ತೋರಿಸಿದರು. ಎಲೆಕ್ಟರ್‌ಗಳ ದಾರಿಯಲ್ಲಿ ಆ ನಷ್ಟ ಇರಲಿಲ್ಲ. ಓಟಿಲ್ಲದ ಗುಲಾಮರನ್ನೂ ಜನಸಂಖ್ಯೆಯ ಲೆಕ್ಕಕ್ಕೆ ಐವರಿಗೆ ಮೂವರಂತೆ ಎಣಿಸಿ, ಅವರ ಯಜಮಾನರ ರಾಜ್ಯಗಳಿಗೆ ಎಲೆಕ್ಟರ್‌ಗಳನ್ನು ಹೆಚ್ಚಿಸಲಾಯಿತು. ಇದನ್ನು ಮೊದಲ ಸಲ ಓದಿದ ದಿನ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಇನ್ನು ಗೆದ್ದವರಿಗೇ ಎಲ್ಲಾ ಅನ್ನುವ ನಿಯಮ ಸಂವಿಧಾನದಲ್ಲಿ ಇಲ್ಲವೇ ಇಲ್ಲ. ಅದು ರಾಜ್ಯಗಳು ಮಾಡಿಕೊಂಡ ಕಾನೂನು. 1800ರಲ್ಲಿ ತಮ್ಮ ರಾಜ್ಯದವರೇ ಆದ ಜೆಫರ್ಸನ್ ಅಧ್ಯಕ್ಷರ ಚುನಾವಣೆ ಗೆಲ್ಲಲಿ ಅಂತ ವರ್ಜೀನಿಯಾ ಕ್ಷೇತ್ರವಾರು ಪದ್ಧತಿ ಬಿಟ್ಟು ಇದಕ್ಕೆ ಬಂತು. ಒಬ್ಬರನ್ನು ನೋಡಿ ಇನ್ನೊಬ್ಬರು ಹಿಡಿದುಕೊಂಡರು. ರಾಜ್ಯ ಮಾಡಿದ್ದನ್ನು ರಾಜ್ಯವೇ ಬದಲಿಸಬಹುದು. ಸಂವಿಧಾನ ತಿದ್ದುವುದು ಮಾತ್ರ ಬಲು ಕಷ್ಟ. 1969ರಲ್ಲಿ ನೇರ ಚುನಾವಣೆಯ ತಿದ್ದುಪಡಿಗೆ ಕೆಳಮನೆಯಲ್ಲಿ 338 ಜನ ಹೂಂ ಅಂದರು, 70 ಜನ ಮಾತ್ರ ಬೇಡ ಅಂದರು. ಮರುವರ್ಷ ಸೆನೆಟ್‌ನಲ್ಲಿ ಕೆಲವರು ಚರ್ಚೆ ಮುಗಿಯಲು ಬಿಡದೆ ಅದನ್ನು ನಿಲ್ಲಿಸಿದರು.

ಈಗ ರಾಜ್ಯಗಳೇ ಒಂದು ಒಪ್ಪಂದ ಮಾಡಿಕೊಳ್ಳುತ್ತಿವೆ. ದೇಶದಲ್ಲಿ ಜಾಸ್ತಿ ಓಟು ಯಾರಿಗೋ, ನಮ್ಮ ಎಲೆಕ್ಟರ್‌ಗಳೆಲ್ಲಾ ಅವರಿಗೇ ಅಂತ. ಸೇರಿದ ರಾಜ್ಯಗಳ ಬಲ 270 ಮುಟ್ಟಿದಾಗ ಅದು ಜಾರಿಗೆ ಬರುತ್ತದೆ. 2024ರ ಹೊತ್ತಿಗೆ 17 ರಾಜ್ಯ ಮತ್ತು ರಾಜಧಾನಿ ಸೇರಿ 209 ಆಗಿತ್ತು. ಕೋರ್ಟಿನಲ್ಲಿ ಇದು ನಿಲ್ಲುತ್ತದೋ ಇಲ್ಲವೋ ಅಂತ ವಾದ ಇದೆ. ಇಬ್ಬರ ಓಟಿನ ನಡುವೆ ಅಂತರ ತೀರಾ ಕಮ್ಮಿಯಾದರೆ ಇಡೀ ದೇಶದಲ್ಲಿ ಮರುಎಣಿಕೆ ಮಾಡುವುದು ಹೇಗೆ ಅಂತಲೂ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆದರೆ 2000ದಲ್ಲಿ ಫ್ಲೋರಿಡಾದ 537 ಓಟಿಗಾಗಿ ದೇಶ ಐದು ವಾರ ಕಾಯಿತು. ಅದೇ ಚುನಾವಣೆಯಲ್ಲಿ ದೇಶದ ಲೆಕ್ಕ ಹಿಡಿದರೆ, ಬುಷ್ ಎದುರು ಸೋತ ಅಲ್ ಗೋರ್ 5 ಲಕ್ಷಕ್ಕಿಂತ ಹೆಚ್ಚು ಮುಂದಿದ್ದರು.

2024ರಲ್ಲಿ ಜನರ ಓಟು, ಎಲೆಕ್ಟರ್‌ಗಳ ಓಟು ಎರಡೂ ಲೆಕ್ಕ ಒಂದೇ ಕಡೆ ಬಂದವು. ಹಾಗಾಗಿ ಜನ ಈ ಮಾತನ್ನೇ ಬಿಟ್ಟರು. ಯಾರಿಗೂ ಗಾಯ ಹಸಿಯಾಗಿಲ್ಲದ ಇಂಥ ಹೊತ್ತೇ ಮಾತಾಡಲು ಸರಿಯಾದ ಹೊತ್ತು ಅಂತ ನನಗನಿಸುತ್ತದೆ. ಕ್ಯಾಲಿಫೋರ್ನಿಯಾ 2011ರಲ್ಲೇ ಒಪ್ಪಂದಕ್ಕೆ ಸೇರಿದೆ, ನನ್ನ ಶಾಸಕರನ್ನು ಕೇಳಿ ಮಾಡುವಂಥದ್ದು ಏನೂ ಉಳಿದಿಲ್ಲ. ಡೆಟ್ರಾಯ್ಟ್, ಅಟ್ಲಾಂಟಾ, ಫೀನಿಕ್ಸ್ ಕಡೆ ಇರುವ ಕನ್ನಡಿಗರೇ, ನಮ್ಮ ರಾಜ್ಯವೂ ಒಪ್ಪಂದಕ್ಕೆ ಸೇರಲಿ ಅಂತ ನಿಮ್ಮ ಶಾಸಕರಿಗೆ ಒಂದು ಪತ್ರ ಬರೆಯಿರಿ.

ಮಗಳು ಪಿಟ್ಸ್‌ಬರ್ಗ್‌ನಿಂದ ತನ್ನ ಶಾಸಕರಿಗೆ ಬರೆದ ಪತ್ರವನ್ನು ಮೊನ್ನೆ ನನಗೆ ಕಳಿಸಿದ್ದಳು, ತಪ್ಪಿದ್ದರೆ ತಿದ್ದಮ್ಮ ಅಂತ. ತಪ್ಪೇನೂ ಇರಲಿಲ್ಲ. ಕೊನೆಯಲ್ಲಿ ಒಂದು ಸಾಲು ಸೇರಿಸು ಅಂದೆ: ನನ್ನ ಅಮ್ಮ ಕ್ಯಾಲಿಫೋರ್ನಿಯಾದಲ್ಲಿ ಓಟು ಹಾಕುತ್ತಾರೆ.